ಕೇಳಿಸದೆಯೂ ‘ಹೂಂ’ ಎನ್ನುವವರು

ಕಿವಿಯ ಕುರಿತು ನಾವು ಕೇಳಿರುವ ಉಪದೇಶಗಳಲ್ಲಿ ಹೆಚ್ಚಿನವು, ಏನನ್ನು ಕೇಳಬಾರದು ಎಂಬುದಕ್ಕೆ ಸಂಬಂಧಿಸಿದವು. ಪರನಿಂದೆಗೆ ಕಿವಿಗೊಡಬಾರದು, ಚಾಡಿಮಾತನ್ನು ನಂಬಬಾರದು, ಇತರರ ಗುಟ್ಟನ್ನು ಕದ್ದು ಕೇಳಬಾರದು. ಈ ಉಪದೇಶಗಳೆಲ್ಲ ಸರಿಯಾದವುಗಳೇ. ಕಿವಿ, ಕಣ್ಣು ಮತ್ತು ಹೃದಯಗಳ ಬಗ್ಗೆ ಮನುಷ್ಯನನ್ನು ಪ್ರಶ್ನಿಸಲಾಗುವುದೆಂದು ಪವಿತ್ರ ಕುರ್‌ಆನ್ (17:36) ಎಚ್ಚರಿಸಿದೆ. ಹಾಗಾದರೆ ಈ ಅನುಗ್ರಹದ ಕುರಿತಾದ ನಮ್ಮ ಹೊಣೆ ನಮ್ಮ ಸ್ವಂತ ಕಿವಿಗೆ ಮಾತ್ರ ಸೀಮಿತವೇ? ನಮ್ಮದೇ ಮನೆಯಲ್ಲಿ ತಂದೆಯದೋ ತಾಯಿಯದೋ ಕಿವಿ ದಿನದಿಂದ ದಿನಕ್ಕೆ ಮಂದವಾಗುತ್ತಿದ್ದರೆ, ಅದನ್ನು ಕಂಡೂ ಕಾಣದವರಂತೆ ನಾವು ದಿನ ಕಳೆಯುತ್ತಿದ್ದರೆ, ಆ ವಿಷಯದಲ್ಲಿ ನಮ್ಮ ಮೇಲೆ ಯಾವ ಹೊಣೆಯೂ ಇಲ್ಲವೇ?

ಇದು ಕೇವಲ ವೈದ್ಯರಿಗೆ ಬಿಟ್ಟುಬಿಡಬಹುದಾದ ಪ್ರಶ್ನೆಯಲ್ಲ. ಕಳೆದ ಕೆಲವು ದಶಕಗಳಲ್ಲಿ ಕಿವಿಗೂ ಮೆದುಳಿಗೂ ಇರುವ ನಂಟಿನ ಬಗ್ಗೆ ವಿಜ್ಞಾನಿಗಳು ನಡೆಸಿದ ಸಂಶೋಧನೆಯು ಈ ಪ್ರಶ್ನೆಯನ್ನು ನಮ್ಮ ಮನೆಯ ಊಟದ ಸುಪ್ರದ ಮುಂದೆಯೇ ತಂದಿಟ್ಟಿದೆ.

‘ಏನಿಲ್ಲ ಬಿಡಿ’

ನೀವು ಗಮನಿಸಿರಬಹುದು. ಮನೆಮಂದಿಯೆಲ್ಲ ಸೇರಿ ಮಾತನಾಡುತ್ತಿರುತ್ತಾರೆ. ಮೂಲೆಯಲ್ಲಿ ಕುಳಿತ ಅಜ್ಜ, ಎಲ್ಲರೂ ನಕ್ಕಾಗ ತಾವೂ ನಗುತ್ತಾರೆ. ಏನಾದರೂ ಕೇಳಿದರೆ ‘ಹೂಂ’ ಎನ್ನುತ್ತಾರೆ. ‘ಊಟ ಆಯಿತೇ?’ ಎಂದು ಕೇಳಿದರೂ ಹೂಂ. ‘ಮದುವೆಗೆ ಯಾರು ಯಾರು ಬಂದಿದ್ದರು?’ ಎಂದು ಕೇಳಿದರೂ ಹೂಂ. ಮೊದಮೊದಲು ಅವರು ಹೀಗಿರಲಿಲ್ಲ. ‘ಏನಂದೆ ಮಗಾ?’ ಎಂದು ವಿಚಾರಿಸುತ್ತಿದ್ದರು. ಒಮ್ಮೆ ಹೇಳಿದೆವು. ಎರಡನೆಯ ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದೆವು. ಮೂರನೆಯ ಸಲ ನಮ್ಮ ಬಾಯಿಂದ ಬಂದ ಮಾತು ಒಂದೇ: ‘ಏನಿಲ್ಲ ಬಿಡಿ.’

ಎಷ್ಟು ಚಿಕ್ಕ ಮಾತು! ಹೇಳಿದವನಿಗೆ ಅದು ಮರುಕ್ಷಣವೇ ಮರೆತುಹೋಗುತ್ತದೆ. ಆದರೆ ಕೇಳಿದವರಿಗೆ ಅದರ ಅರ್ಥ ಬೇರೆ. ‘ನಿಮಗೆ ತಿಳಿಸಲೇಬೇಕಾದ ವಿಷಯ ಇದಲ್ಲ, ನಿಮ್ಮನ್ನು ಬಿಟ್ಟೂ ಈ ಮಾತು ನಡೆಯುತ್ತದೆ’ ಎಂಬುದೇ ಅದರ ಅರ್ಥ. ಹತ್ತು ಸಲ ಈ ಮಾತು ಕೇಳಿದ ಮೇಲೆ ಹಿರಿಯರು ಪ್ರಶ್ನಿಸುವುದನ್ನೇ ನಿಲ್ಲಿಸುತ್ತಾರೆ. ಮನೆಯವರಿಗೆ ತೊಂದರೆ ಕೊಡುವುದೇಕೆಂದು ಕೇಳಿಸದೆಯೂ ‘ಹೂಂ’ ಎನ್ನತೊಡಗುತ್ತಾರೆ.

ಹೆತ್ತವರಲ್ಲಿ ಒಬ್ಬರಾಗಲಿ ಇಬ್ಬರಾಗಲಿ ನಮ್ಮ ಬಳಿ ವೃದ್ಧಾಪ್ಯವನ್ನು ತಲುಪಿದಾಗ, ಬೇಸರವನ್ನು ಸೂಚಿಸುವ ಅತಿ ಚಿಕ್ಕ ಉದ್ಗಾರವನ್ನೂ ಅವರ ಮುಂದೆ ತೆಗೆಯಬಾರದೆಂದು ಕುರ್‌ಆನ್ (17:23) ಆಜ್ಞಾಪಿಸಿದೆ. ಇಲ್ಲಿ ವೃದ್ಧಾಪ್ಯವನ್ನು ಪ್ರತ್ಯೇಕವಾಗಿ ಹೆಸರಿಸಿರುವುದನ್ನು ಗಮನಿಸಿರಿ. ಹೇಳಿದ್ದನ್ನೇ ಮತ್ತೆ ಹೇಳಬೇಕಾಗಿ ಬರುವ, ತಾಳ್ಮೆ ಕೆಡುವ ಕಾಲ ಅದುವೇ. ಮೂರನೆಯ ಸಲ ‘ಏನು?’ ಎಂದು ಕೇಳಿದಾಗ ನಮ್ಮಿಂದ ಹೊರಡುವ ನಿಟ್ಟುಸಿರು ಯಾವ ಪಟ್ಟಿಗೆ ಸೇರುತ್ತದೆಂದು ನಾವೇ ಯೋಚಿಸಬೇಕು. ಅವರಿಗೆ ಹೇಗೂ ಕೇಳಿಸುವುದಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕಿವಿ ಮಂದವಾದವರು ಮುಖ ಓದುವುದರಲ್ಲಿ ನಿಪುಣರಾಗಿರುತ್ತಾರೆ. ನಿಟ್ಟುಸಿರು ಕೇಳಿಸದಿದ್ದರೂ ಹುಬ್ಬು ಗಂಟಿಕ್ಕಿದ್ದು ಅವರಿಗೆ ಕಾಣುತ್ತದೆ.

ಕೇಳಿಸುತ್ತದೆ, ತಿಳಿಯುವುದಿಲ್ಲ

‘ನಮ್ಮ ಉಮ್ಮನಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ’ ಎಂದು ಹಲವರು ತಮಾಷೆ ಮಾಡುವುದುಂಟು. ಅಂಗಳದಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿಸುತ್ತದೆ, ಕರೆದರೆ ಮಾತ್ರ ಕೇಳಿಸುವುದಿಲ್ಲ ಎಂಬುದು ಅವರ ದೂರು. ಈ ದೂರಿನ ಹಿಂದೆ ಒಂದು ತಪ್ಪು ತಿಳುವಳಿಕೆ ಇದೆ.

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಒಂದು ಪುಟ್ಟ ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳು ಸಾಲಾಗಿ ನಿಂತಿವೆ. ಗಾಳಿಯಲ್ಲಿ ಬಂದ ಅಲೆಯನ್ನು ನರಕ್ಕೆ ತಿಳಿಯುವ ಸಂಕೇತವಾಗಿ ಮಾರ್ಪಡಿಸುವುದು ಈ ಕೋಶಗಳ ಕೆಲಸ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸುರುಳಿಯ ಬುಡದಲ್ಲಿರುವ ಕೋಶಗಳು ತೀಕ್ಷ್ಣವಾದ, ಮೇಲುಶ್ರುತಿಯ ಸದ್ದುಗಳನ್ನು ಗ್ರಹಿಸುತ್ತವೆ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಸವೆಯುವುದು ಇವುಗಳೇ.

ಇದರ ಪರಿಣಾಮ ವಿಚಿತ್ರವಾದುದು. ಮಾತಿನಲ್ಲಿ ಸ್ವರಗಳು ಬಲವಾದ, ತಗ್ಗುಶ್ರುತಿಯ ಸದ್ದುಗಳು. ಸ, ಶ, ತ, ಕ, ಪ ಮುಂತಾದ ವ್ಯಂಜನಗಳು ದುರ್ಬಲ. ಅವುಗಳನ್ನು ಒಂದರಿಂದ ಒಂದು ಬೇರ್ಪಡಿಸುವ ಗುರುತುಗಳು ಹೆಚ್ಚಾಗಿ ಮೇಲುಶ್ರುತಿಯಲ್ಲಿವೆ. ಆದ್ದರಿಂದ ಹಾಲು, ಕಾಲು, ಸಾಲು, ಪಾಲು ಎಂಬ ನಾಲ್ಕು ಪದಗಳೂ ಅವರಿಗೆ ಒಂದೇ ರೀತಿ ಕೇಳಿಸಬಹುದು. ಯಾರೋ ಏನೋ ಹೇಳಿದರೆಂದು ಗೊತ್ತಾಗುತ್ತದೆ, ಏನು ಹೇಳಿದರೆಂದು ಗೊತ್ತಾಗುವುದಿಲ್ಲ. ಪಾತ್ರೆ ಬಿದ್ದ ಸದ್ದು ಕೇಳಿಸಿ ಮಗನ ಮಾತು ತಿಳಿಯದಿರುವುದು ಇದೇ ಕಾರಣದಿಂದ. ಮಕ್ಕಳ ತೆಳುವಾದ ಧ್ವನಿಯನ್ನು ಹಿಡಿಯುವುದು ಇನ್ನೂ ಕಷ್ಟ. ಅಂದರೆ ಯಾವ ಮೊಮ್ಮಕ್ಕಳ ಮಾತಿಗಾಗಿ ಅಜ್ಜಿ ಕಾದು ಕುಳಿತಿರುತ್ತಾರೋ ಆ ಮಾತೇ ಮೊದಲು ಕೈತಪ್ಪುತ್ತದೆ.

ಕೇಳಿಸದ ಅಕ್ಷರಗಳನ್ನು ಊಹೆಯಿಂದ ತುಂಬಿಕೊಳ್ಳುವ ಕೆಲಸ ಮೆದುಳಿನದು. ಈ ದುಡಿಮೆಗೆ ಬೆಲೆ ತೆರಬೇಕಾಗುತ್ತದೆ. ಅಮೆರಿಕದ ಬ್ರ್ಯಾಂಡೈಸ್ ವಿಶ್ವವಿದ್ಯಾಲಯದ ಆರ್ಥರ್ ವಿಂಗ್‌ಫೀಲ್ಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಸರಳವಾಗಿ ತೋರಿಸಿಕೊಟ್ಟಿತು. ವಯಸ್ಸಾದವರಿಗೆ ಪದಗಳ ಪಟ್ಟಿಯೊಂದನ್ನು ಕೇಳಿಸುತ್ತಾ ನಡುವೆ ಎಲ್ಲಿಯೋ ನಿಲ್ಲಿಸಿ, ಕೊನೆಯ ಮೂರು ಪದಗಳನ್ನು ಹೇಳುವಂತೆ ಕೇಳಲಾಯಿತು. ಕಿವಿ ಚೆನ್ನಾಗಿದ್ದವರೂ ಸ್ವಲ್ಪ ಮಂದವಾಗಿದ್ದವರೂ ಕೊನೆಯ ಪದವನ್ನು ಸರಿಯಾಗಿಯೇ ಹೇಳಿದರು. ಅಂದರೆ ಪದ ಅವರಿಗೆ ಕೇಳಿಸಿತ್ತು. ಆದರೆ ಅದಕ್ಕಿಂತ ಹಿಂದಿನ ಎರಡು ಪದಗಳನ್ನು ನೆನಪಿಸಿಕೊಳ್ಳುವಲ್ಲಿ ಕಿವಿ ಮಂದವಾದವರು ಹಿಂದೆ ಬಿದ್ದರು. ನೆನಪಿಡಲು ಬಳಕೆಯಾಗಬೇಕಿದ್ದ ಶಕ್ತಿ, ಕೇಳಿಸಿಕೊಳ್ಳುವುದರಲ್ಲೇ ಖರ್ಚಾಗಿ ಹೋಗಿತ್ತು.

ಈಗ ಆಲೋಚಿಸಿರಿ. ‘ನಿನ್ನೆಯೇ ಹೇಳಿದ್ದೆನಲ್ಲ, ಇಷ್ಟು ಬೇಗ ಮರೆತಿರಾ?’ ಎಂದು ನಾವು ಹಿರಿಯರನ್ನು ಗದರುವಾಗ, ಅವರು ಮರೆತದ್ದೇ ನಿಜವೇ? ಅಥವಾ ಆ ಮಾತು ಅವರ ನೆನಪಿನ ಬಾಗಿಲ ತನಕ ತಲುಪಿರಲೇ ಇಲ್ಲವೇ? ‘ಅರವತ್ತಕ್ಕೆ ಅರಳು ಮರುಳು’ ಎಂಬ ಗಾದೆಯನ್ನು ಹೇಳಿ ನಗುವ ನಾವು, ಒಮ್ಮೆಯಾದರೂ ಅವರ ಕಿವಿಯನ್ನು ಪರೀಕ್ಷಿಸಿ ನೋಡಿದ್ದೇವೆಯೇ?

ಬಾಲ್ಟಿಮೋರಿನ ವೈದ್ಯರು

ಈ ವಿಷಯದಲ್ಲಿ ಹೆಚ್ಚು ಕೇಳಿಬರುವ ಹೆಸರು ಡಾ. ಫ್ರ್ಯಾಂಕ್ ಲಿನ್ ಅವರದು. ಅವರು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಿವಿಯ ಶಸ್ತ್ರವೈದ್ಯರೂ ಸಂಶೋಧಕರೂ ಆಗಿದ್ದಾರೆ. ಆ ನಗರದಲ್ಲಿ 1958ರಿಂದಲೇ ಮುಪ್ಪಿನ ಕುರಿತು ಒಂದು ದೀರ್ಘಕಾಲದ ಅಧ್ಯಯನ ನಡೆಯುತ್ತಾ ಬಂದಿದೆ. ಅದರಲ್ಲಿ ಪಾಲ್ಗೊಂಡಿದ್ದ 639 ಮಂದಿಯ ಶ್ರವಣಶಕ್ತಿಯನ್ನು 1990ರಿಂದ 1994ರ ನಡುವೆ ಅಳೆಯಲಾಗಿತ್ತು. ಆಗ ಅವರಲ್ಲಿ ಯಾರಿಗೂ ಮರೆಗುಳಿ ರೋಗ, ಅಂದರೆ ಡಿಮೆನ್ಶಿಯಾ ಇರಲಿಲ್ಲ. ಸುಮಾರು 12 ವರ್ಷ ಕಾಲ ಅವರನ್ನು ಗಮನಿಸಿ ಪಡೆದ ಫಲಿತಾಂಶವನ್ನು ಲಿನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಕಿವಿ ಚೆನ್ನಾಗಿದ್ದವರಿಗೆ ಹೋಲಿಸಿದರೆ, ಸ್ವಲ್ಪ ಮಂದವಾಗಿದ್ದವರಲ್ಲಿ ಡಿಮೆನ್ಶಿಯಾದ ಅಪಾಯ ಸುಮಾರು 2 ಪಟ್ಟು, ಮಧ್ಯಮ ಪ್ರಮಾಣದಲ್ಲಿ ಮಂದವಾಗಿದ್ದವರಲ್ಲಿ 3 ಪಟ್ಟು, ತೀವ್ರವಾಗಿದ್ದವರಲ್ಲಿ ಹತ್ತಿರ ಹತ್ತಿರ 5 ಪಟ್ಟು ಇತ್ತು.

ಇದಕ್ಕೆ ಕಾರಣವೇನು? ಸಂಶೋಧಕರು ಮೂರು ದಾರಿಗಳನ್ನು ಮುಂದಿಡುತ್ತಾರೆ. ಮೊದಲನೆಯದು, ನಾವು ಈಗಾಗಲೇ ನೋಡಿದ ಮೆದುಳಿನ ಹೊರೆ. ಎರಡನೆಯದು, ಮೆದುಳಿನ ರಚನೆಯಲ್ಲೇ ಆಗುವ ಬದಲಾವಣೆ. ಸದ್ದು ಬಾರದ ಭಾಗ, ದುಡಿಮೆಯಿಲ್ಲದ ಸ್ನಾಯುವಿನಂತೆ ಸೊರಗುತ್ತದೆಂಬುದು ಇದರ ಆಧಾರ. 126 ಮಂದಿಯ ಮೆದುಳಿನ ಚಿತ್ರಗಳನ್ನು ವರ್ಷಗಳ ಕಾಲ ಹೋಲಿಸಿ ನೋಡಿದ ಲಿನ್ ಅವರ 2014ರ ಅಧ್ಯಯನದಲ್ಲಿ, ಕಿವಿ ಮಂದವಾದವರ ಮೆದುಳು ಉಳಿದವರಿಗಿಂತ ಬೇಗ ಕುಗ್ಗುತ್ತಿರುವುದು ಕಂಡುಬಂತು. ಮೂರನೆಯ ದಾರಿ ನಮಗೆ ತೀರಾ ಹತ್ತಿರದ್ದು. ಅದುವೇ ಒಂಟಿತನ. ಮಾತು ತಿಳಿಯದವನು ಮೊದಲು ಮದುವೆ ಸಮಾರಂಭಗಳನ್ನು ಬಿಡುತ್ತಾನೆ. ಬಳಿಕ ಗೆಳೆಯರ ಕಟ್ಟೆಯನ್ನು ಬಿಡುತ್ತಾನೆ. ಕೊನೆಗೆ ಮನೆಯ ಮಾತುಕತೆಯನ್ನೂ ಬಿಡುತ್ತಾನೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಿವಿ ಮಂದವಾದವರೆಲ್ಲರೂ ಮರೆಗುಳಿಗಳಾಗುತ್ತಾರೆಂದು ಇದರ ಅರ್ಥವಲ್ಲ. ಹುಟ್ಟಿನಿಂದಲೇ ಕಿವಿ ಕೇಳಿಸದ ಅಸಂಖ್ಯಾತ ಮಂದಿ ಸನ್ನೆಭಾಷೆಯ ಮೂಲಕ ತುಂಬು ಬದುಕು ನಡೆಸುತ್ತಾರೆ. ಅವರಿಗೆ ಅವರದೇ ಆದ ಭಾಷೆಯಿದೆ, ಸಂಗಾತಿಗಳಿದ್ದಾರೆ. ಜೀವನವಿಡೀ ಮಾತಿನ ಮೂಲಕವೇ ಜನರೊಡನೆ ಬೆರೆತು, ಮುಪ್ಪಿನಲ್ಲಿ ಆ ಸೇತುವೆ ಕುಸಿದಾಗ ಬೇರೆ ಸೇತುವೆಯಿಲ್ಲದೆ ಉಳಿದವರ ಸಂಕಟವೇ ಬೇರೆ.

ಮೂರು ವರ್ಷದ ಪರೀಕ್ಷೆ

ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ರಕ್ತನಾಳಗಳ ದೌರ್ಬಲ್ಯದಂತಹ ಮೂರನೆಯ ಕಾರಣವೊಂದು ಕಿವಿಯನ್ನೂ ಮೆದುಳನ್ನೂ ಏಕಕಾಲಕ್ಕೆ ಕೆಡಿಸುತ್ತಿರಬಹುದು. ಹಾಗಾದರೆ ಕಿವಿಗೆ ಯಂತ್ರ ಹಾಕಿದರೆ ಮೆದುಳು ಉಳಿಯುತ್ತದೆಯೇ? ಇದನ್ನು ತಿಳಿಯಲು ಲಿನ್ ಮತ್ತು ಸಂಗಡಿಗರು ಅಮೆರಿಕದ ನಾಲ್ಕು ಕಡೆಗಳಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಸಿದರು. 70ರಿಂದ 84 ವರ್ಷ ವಯಸ್ಸಿನ, ಕಿವಿ ಮಂದವಾಗಿದ್ದರೂ ಚಿಕಿತ್ಸೆ ಪಡೆಯದಿದ್ದ 977 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಶ್ರವಣತಜ್ಞರ ಸಲಹೆಯೂ ಶ್ರವಣಯಂತ್ರವೂ ದೊರೆಯಿತು. ಇನ್ನೊಂದು ಗುಂಪಿಗೆ ಆರೋಗ್ಯದ ಕುರಿತಾದ ಸಾಮಾನ್ಯ ತಿಳುವಳಿಕೆಯನ್ನು ನೀಡಲಾಯಿತು. ಮೂರು ವರ್ಷಗಳ ಬಳಿಕ ಈ ಎರಡನೆಯ ಗುಂಪಿಗೂ ಯಂತ್ರಗಳನ್ನು ಕೊಡುವ ಏರ್ಪಾಡಿತ್ತು.

2023ರ ಜುಲೈಯಲ್ಲಿ ಫಲಿತಾಂಶ ಹೊರಬಿತ್ತು. ಒಟ್ಟಾಗಿ ನೋಡಿದಾಗ ಎರಡು ಗುಂಪುಗಳ ಬುದ್ಧಿಶಕ್ತಿಯ ಇಳಿತದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರಲ್ಲಿ 238 ಮಂದಿ, ಬಹಳ ಹಿಂದಿನಿಂದ ನಡೆಯುತ್ತಿದ್ದ ಹೃದಯಾರೋಗ್ಯದ ಅಧ್ಯಯನವೊಂದರಿಂದ ಬಂದವರಾಗಿದ್ದರು. ಅವರ ವಯಸ್ಸೂ ಅಪಾಯದ ಅಂಶಗಳೂ ಹೆಚ್ಚಾಗಿದ್ದವು. ಅವರ ಪೈಕಿ ಯಂತ್ರ ಪಡೆದವರಲ್ಲಿ ಬುದ್ಧಿಶಕ್ತಿಯ ಇಳಿತವು ಶೇ. 48ರಷ್ಟು ನಿಧಾನವಾಗಿತ್ತು. ಉಳಿದ 739 ಮಂದಿ ತಾವಾಗಿಯೇ ಮುಂದೆ ಬಂದ, ಹೆಚ್ಚು ಆರೋಗ್ಯವಂತರಾದ ಸ್ವಯಂಸೇವಕರು. ಅವರಲ್ಲಿ ಇಳಿತವೇ ಬಹಳ ನಿಧಾನವಾಗಿದ್ದುದರಿಂದ ಮೂರು ವರ್ಷದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇದೇ ಪರೀಕ್ಷೆಯಿಂದ 2025ರಲ್ಲಿ ಇನ್ನೊಂದು ವರದಿ ಬಂತು. ಮೂರು ವರ್ಷಗಳಲ್ಲಿ ಯಂತ್ರ ಪಡೆದವರು, ಪಡೆಯದವರಿಗಿಂತ ಸರಾಸರಿ ಒಬ್ಬ ವ್ಯಕ್ತಿಯನ್ನು ತಮ್ಮ ಒಡನಾಟದ ಬಳಗದಲ್ಲಿ ಹೆಚ್ಚಾಗಿ ಉಳಿಸಿಕೊಂಡಿದ್ದರು. ಒಬ್ಬ ವ್ಯಕ್ತಿ! ಲೆಕ್ಕದಲ್ಲಿ ಇದು ಸಣ್ಣ ಸಂಖ್ಯೆ. ಆದರೆ ಎಂಬತ್ತರ ವಯಸ್ಸಿನಲ್ಲಿ ಬಾಗಿಲು ತಟ್ಟಿ ಕ್ಷೇಮ ವಿಚಾರಿಸುವ ಒಬ್ಬ ವ್ಯಕ್ತಿ ಎಂದರೇನೆಂದು ಒಂಟಿಯಾಗಿರುವವರನ್ನು ಕೇಳಿ ನೋಡಿರಿ.

ಫಲಕ್ಕಾಗಿಯೇ, ಹಕ್ಕಿಗಾಗಿಯೇ?

ಈಗ ನಮ್ಮ ಮುಂದೆ ಒಂದು ನೈತಿಕ ಪ್ರಶ್ನೆ ಎದ್ದು ನಿಲ್ಲುತ್ತದೆ. ಒಬ್ಬಾತನು ಹೀಗೆ ಹೇಳಬಹುದು: ‘ಯಂತ್ರ ಹಾಕಿದರೆ ಮರೆವು ತಡೆಯುತ್ತದೆಂದು ಪೂರ್ಣವಾಗಿ ಸಾಬೀತಾಗಿಲ್ಲವಲ್ಲ! ಸಾಬೀತಾದ ಮೇಲೆ ನೋಡೋಣ. ಅಲ್ಲಿಯ ತನಕ ಅಷ್ಟು ಖರ್ಚು, ಅಷ್ಟು ಓಡಾಟ ಏತಕ್ಕೆ?’

ಈ ಮಾತು ಲೆಕ್ಕಾಚಾರದ ದೃಷ್ಟಿಯಿಂದ ಸರಿಯೆಂದು ತೋರಬಹುದು. ಆದರೆ ಇದರ ಬೇರು ಎಲ್ಲಿದೆ ನೋಡಿರಿ. ತಂದೆಗೆ ನಮ್ಮ ಮಾತು ಕೇಳಿಸುವುದು, ಮುಂದೆ ಬರಬಹುದಾದ ಒಂದು ರೋಗವನ್ನು ತಡೆಯುವ ಉಪಾಯವಾಗಿದ್ದರೆ ಮಾತ್ರ ಬೆಲೆಯುಳ್ಳದ್ದು ಎಂಬ ಭಾವನೆ ಇದರಲ್ಲಿದೆ. ತಂದೆ ಇಂದು ನಮ್ಮೊಡನೆ ಕುಳಿತಿದ್ದಾರೆ. ಮಗಳ ಮದುವೆಯ ಮಾತುಕತೆ ನಡೆಯುತ್ತಿದೆ. ಅವರ ಅಭಿಪ್ರಾಯಕ್ಕೆ ಅಲ್ಲಿ ಸ್ಥಾನವಿದೆ. ಜುಮಾದ ಖುತ್ಬಾ ಕೇಳಬೇಕೆಂಬ ಹಂಬಲ ಅವರಿಗಿದೆ. ರಮಝಾನಿನ ರಾತ್ರಿಗಳಲ್ಲಿ ಇಮಾಮರ ಪಾರಾಯಣವನ್ನು ಮನಸ್ಸಿಟ್ಟು ಆಲಿಸಬೇಕೆಂಬ ಆಸೆಯಿದೆ. ಇವೆಲ್ಲ ಅವರ ಹಕ್ಕುಗಳು. ಹತ್ತು ವರ್ಷದ ಬಳಿಕ ಅವರ ನೆನಪು ಹೇಗಿರುತ್ತದೆಂಬ ಲೆಕ್ಕ ಸಿಕ್ಕಿದ ಮೇಲೆ ಕೊಡಬಹುದಾದ ಉಡುಗೊರೆಗಳಲ್ಲ.

ಬಾಯಾರಿದವನಿಗೆ ನೀರು ಕೊಡುವಾಗ, ಈ ನೀರಿನಿಂದ ಇವನ ಆಯುಷ್ಯ ಎಷ್ಟು ಹೆಚ್ಚುತ್ತದೆಂದು ಯಾರೂ ಕೇಳುವುದಿಲ್ಲ. ಬಾಯಾರಿಕೆಯೇ ಸಾಕಾದ ಕಾರಣ. ಅಬೂದರ್ರ್(ರ)ರಿಂದ ವರದಿಯಾಗಿ ಇಮಾಮ್ ಅಹ್ಮದ್‌ರ ಮುಸ್ನದ್‌ನಲ್ಲಿ ದಾಖಲಾದ ಹದೀಸೊಂದರಲ್ಲಿ, ಪ್ರವಾದಿವರ್ಯರು(ಸ) ಬಡವರೂ ಮಾಡಬಹುದಾದ ದಾನಗಳನ್ನು ಎಣಿಸಿದ್ದಾರೆ. ದಾರಿಯಿಂದ ಮುಳ್ಳು, ಕಲ್ಲುಗಳನ್ನು ಸರಿಸುವುದು, ಕುರುಡನಿಗೆ ದಾರಿ ತೋರುವುದು ಇವುಗಳ ಜೊತೆಗೆ, ಕಿವಿ ಕೇಳಿಸದವನಿಗೆ ಮಾತು ತಿಳಿಯುವಂತೆ ಮಾಡುವುದನ್ನೂ ಅವರು ಸೇರಿಸಿದರು. ಅಲ್ಲಿ ಬೇರೆ ಫಲದ ಷರತ್ತಿಲ್ಲ. ಮಾತು ತಲುಪಿತೆಂಬುದೇ ಫಲ.

ಹಾಗಾದರೆ ಸಂಶೋಧನೆಗೆ ಬೆಲೆಯಿಲ್ಲವೇ? ಖಂಡಿತ ಇದೆ. ನಾವು ಕ್ಷುಲ್ಲಕವೆಂದು ಬಗೆದ ವಿಷಯ ಎಷ್ಟು ಗಂಭೀರವಾದುದೆಂದು ಅದು ತೋರಿಸಿಕೊಟ್ಟಿತು. ಹೊಣೆಯು ಮೊದಲೇ ನಮ್ಮ ಹೆಗಲ ಮೇಲಿತ್ತು. ಅದನ್ನು ಮುಂದೂಡುವುದರ ಬೆಲೆ ಎಷ್ಟಿರಬಹುದೆಂಬುದನ್ನು ಈಗ ವಿಜ್ಞಾನ ಹೇಳುತ್ತಿದೆ. ಯಾವ ತಂದೆಗೆ ಯಂತ್ರದಿಂದ ಮರೆವು ತಡೆಯಿತು, ಯಾವ ತಂದೆಗೆ ತಡೆಯಲಿಲ್ಲ ಎಂಬುದು ಅಲ್ಲಾಹನ ಕೈಯಲ್ಲಿದೆ. ಯಂತ್ರ ಹಾಕಿಸಿದ ಮೇಲೂ ಮರೆವು ಬಂತೆಂದಾದರೆ ಆ ಪ್ರಯತ್ನ ವ್ಯರ್ಥವಾಯಿತೇ? ನಡುವೆ ಕಳೆದ ವರ್ಷಗಳಲ್ಲಿ ತಂದೆ ಮಕ್ಕಳ ನಡುವೆ ನಡೆದ ಮಾತುಗಳು ವ್ಯರ್ಥವೇ? ಎಂದಿಗೂ ಅಲ್ಲ.

ಸಾಬಿತ್(ರ) ಮತ್ತು ಹಾತಿಮ್

ಹಝ್ರತ್ ಸಾಬಿತ್ ಬಿನ್ ಖೈಸ್(ರ) ಅನ್ಸಾರರ ಹೆಸರಾಂತ ವಾಗ್ಮಿ. ಅವರ ಕಿವಿ ಮಂದವಾಗಿತ್ತೆಂದು ತಫ್ಸೀರ್ ಗ್ರಂಥಗಳು ಹೇಳುತ್ತವೆ. ಪ್ರವಾದಿವರ್ಯರ(ಸ) ಸಭೆಗೆ ಅವರು ಬಂದಾಗ ಸಹಾಬಿಗಳು ಸರಿದು ದಾರಿ ಬಿಡುತ್ತಿದ್ದರು. ಮಾತು ಕೇಳಿಸಲೆಂದು ಅವರನ್ನು ಹತ್ತಿರವೇ ಕುಳ್ಳಿರಿಸುತ್ತಿದ್ದರು. ಅಂದು ಯಂತ್ರವಿರಲಿಲ್ಲ. ಸರಿದು ಕುಳಿತ ಸಂಗಾತಿಗಳೇ ಅವರ ಶ್ರವಣಯಂತ್ರವಾಗಿದ್ದರು.

ಪ್ರವಾದಿಯವರ ಧ್ವನಿಗಿಂತ ತಮ್ಮ ಧ್ವನಿಯನ್ನು ಎತ್ತರಿಸಬಾರದೆಂಬ ಸೂಕ್ತ (49:2) ಅವತೀರ್ಣವಾದಾಗ, ಸ್ವಭಾವತಃ ದೊಡ್ಡ ಧ್ವನಿಯವರಾಗಿದ್ದ ಸಾಬಿತ್(ರ) ಭಯಗೊಂಡು ಮನೆಯಲ್ಲೇ ಕುಳಿತರು. ತನ್ನ ಕರ್ಮಗಳೆಲ್ಲ ನಿಷ್ಫಲವಾದವೆಂದು ಭಾವಿಸಿದರು. ಅವರು ಕಾಣಿಸದಿದ್ದುದನ್ನು ಗಮನಿಸಿ ಪ್ರವಾದಿವರ್ಯರು(ಸ) ವಿಚಾರಿಸಿದರು. ಅವರು ಸ್ವರ್ಗದವರೆಂಬ ಶುಭವಾರ್ತೆಯನ್ನು ಕಳುಹಿಸಿದರು. ಬುಖಾರಿಯಲ್ಲಿ ಈ ಘಟನೆ ಇದೆ. ಕಿವಿ ಮಂದವಾದವರು ತಮ್ಮದೇ ಧ್ವನಿಯ ಅಳತೆ ತಿಳಿಯದೆ ಗಟ್ಟಿಯಾಗಿ ಮಾತನಾಡುವುದುಂಟು. ಅದನ್ನು ಒರಟುತನವೆಂದು ಎಣಿಸುವ ಮೊದಲು ಈ ಘಟನೆಯನ್ನು ನೆನೆಯಬೇಕು. ಸಭೆಯಿಂದ ಒಬ್ಬರು ಮರೆಯಾದಾಗ, ‘ಅವರೆಲ್ಲಿ?’ ಎಂದು ಕೇಳಿದವರು ಯಾರೆಂಬುದನ್ನೂ ನೆನೆಯಬೇಕು.

ಇನ್ನೊಂದು ವರದಿಯೂ ಇದೆ. ಒಂದು ದಿನ ಸಾಬಿತ್(ರ) ತಡವಾಗಿ ಬಂದಾಗ ಒಬ್ಬರು ಸರಿಯಲಿಲ್ಲ. ಸಿಟ್ಟಿನಿಂದ ಅವರು ಆ ವ್ಯಕ್ತಿಯನ್ನು ತಾಯಿಯ ಹೆಸರೆತ್ತಿ ಹೀಗಳೆದರು. ಪರಸ್ಪರ ಅಪಹಾಸ್ಯವನ್ನು ನಿಷೇಧಿಸುವ ಸೂಕ್ತವು (49:11) ಈ ಸಂದರ್ಭದಲ್ಲಿ ಅವತೀರ್ಣವಾಯಿತೆಂದು ಇಬ್ನು ಅಬ್ಬಾಸ್(ರ)ರ ಹೆಸರಿನಲ್ಲಿ ತಫ್ಸೀರ್‌ಗಳಲ್ಲಿ ಹೇಳಲಾಗಿದೆ. ಇದರಲ್ಲೊಂದು ಪಾಠವಿದೆ. ಆ ಸಮಾಜವು ಕಿವಿ ಮಂದವಾದವರಿಗೆ ಸ್ಥಾನ ಬಿಟ್ಟುಕೊಟ್ಟಿತು, ಆದರೆ ‘ಪಾಪ, ಅವರಿಗೇನು ತಿಳಿಯುತ್ತದೆ’ ಎಂದು ಬದಿಗಿಡಲಿಲ್ಲ. ಎಲ್ಲರಂತೆ ತಿದ್ದಲ್ಪಡುವ, ಎಲ್ಲರಂತೆ ಗೌರವಿಸಲ್ಪಡುವ ಪೂರ್ಣ ಮನುಷ್ಯನಾಗಿ ಕಂಡಿತು. ಕನಿಕರಕ್ಕಿಂತ ದೊಡ್ಡ ಗೌರವ ಇದು.

ಹಿಜರಿ ಮೂರನೆಯ ಶತಮಾನದಲ್ಲಿ ಬಾಳಿದ ಬಲ್ಖ್‌ನ ಸಂತ ಹಾತಿಮರನ್ನು ಜನರು ‘ಅಸಮ್ಮ್’, ಅಂದರೆ ಕಿವುಡ ಎಂದು ಕರೆಯುತ್ತಿದ್ದರು. ನಿಜಕ್ಕೂ ಅವರು ಕಿವುಡರಾಗಿರಲಿಲ್ಲ. ಪ್ರಶ್ನೆ ಕೇಳಲು ಬಂದ ಒಬ್ಬ ಮಹಿಳೆಯ ದೇಹದಿಂದ ಅರಿವಿಲ್ಲದೆ ಸದ್ದೊಂದು ಹೊರಟು ಆಕೆ ನಾಚಿಕೆಯಿಂದ ಕುಗ್ಗಿದಾಗ, ‘ಗಟ್ಟಿಯಾಗಿ ಮಾತನಾಡಿ, ನನಗೆ ಕೇಳಿಸುವುದಿಲ್ಲ’ ಎಂಬಂತೆ ಅವರು ನಟಿಸಿದರಂತೆ. ಆಕೆಯ ಮಾನ ಉಳಿಯಿತು, ಇವರಿಗೆ ಆ ಹೆಸರು ಉಳಿಯಿತು.

ಹಾತಿಮರು ಕೇಳಿಸಿಯೂ ಕೇಳಿಸದವರಂತೆ ನಟಿಸಿದರು. ನಮ್ಮ ಮನೆಯ ಹಿರಿಯರು ಕೇಳಿಸದೆಯೂ ಕೇಳಿಸಿದವರಂತೆ ನಟಿಸುತ್ತಾರೆ. ಎರಡರ ಹಿಂದೆಯೂ ಇರುವುದು ಇತರರಿಗೆ ಮುಜುಗರವಾಗಬಾರದೆಂಬ ಸೌಜನ್ಯವೇ. ಆದರೆ ಒಂದು ವ್ಯತ್ಯಾಸವಿದೆ. ಹಾತಿಮರ ನಟನೆಯಿಂದ ಒಬ್ಬಾಕೆ ಮರಳಿ ಮಾತಿಗೆ ಬಂದಳು. ನಮ್ಮ ಹಿರಿಯರ ನಟನೆಯಿಂದ ಅವರೇ ಮಾತಿನಿಂದ ದೂರ ಸರಿಯುತ್ತಾರೆ. ಅವರ ಸೌಜನ್ಯವನ್ನು ನಮ್ಮ ಅನುಕೂಲವಾಗಿ ಮಾಡಿಕೊಳ್ಳುವುದು ನ್ಯಾಯವೇ?

‘ಇದೆಲ್ಲ ಮುಪ್ಪಿನ ಸಹಜ ಗುಣ’

ಪ್ರತಿಯೊಂದು ರೋಗಕ್ಕೂ ಔಷಧವಿದೆ, ಮುಪ್ಪಿಗೆ ಮಾತ್ರ ಇಲ್ಲ ಎಂಬ ಆಶಯದ ಹದೀಸನ್ನು ಕೆಲವರು ಇಲ್ಲಿ ನೆನಪಿಸಬಹುದು. ನಿಜ, ಮುಪ್ಪನ್ನು ಯಾರೂ ತಡೆಯಲಾರರು. ಆದರೆ ಅದೇ ಹದೀಸು ಚಿಕಿತ್ಸೆ ಪಡೆಯಿರಿ ಎಂಬ ಆದೇಶದಿಂದಲೇ ಆರಂಭವಾಗುತ್ತದೆಂಬುದನ್ನು ಮರೆಯಬಾರದು. ನಲವತ್ತು ದಾಟಿದವನು ಕನ್ನಡಕ ಹಾಕಿ ಕುರ್‌ಆನ್ ಓದುವಾಗ, ಇವನು ವಿಧಿಯನ್ನು ಎದುರಿಸುತ್ತಿದ್ದಾನೆಂದು ಯಾರೂ ಹೇಳುವುದಿಲ್ಲ. ಮಂದವಾದ ಕಣ್ಣಿಗೆ ಗಾಜು ಸಹಜವಾದರೆ ಮಂದವಾದ ಕಿವಿಗೆ ಯಂತ್ರ ಏಕೆ ಅವಮಾನ? ಕನ್ನಡಕವನ್ನು ಮೂಗಿನ ಮೇಲೆ ಎಲ್ಲರಿಗೂ ಕಾಣುವಂತೆ ಧರಿಸುವ ನಾವು, ಯಂತ್ರವನ್ನು ಮಾತ್ರ ಮರೆಮಾಚಲು ಬಯಸುತ್ತೇವೆ. ‘ನಿನಗೇನು ಕಿವುಡೇ?’ ಎಂಬ ಮಾತನ್ನು ಬೈಗುಳವಾಗಿ ಬಳಸುವ ನಾಲಿಗೆಯೇ ಈ ನಾಚಿಕೆಯನ್ನು ಸೃಷ್ಟಿಸಿದೆ. ಅದನ್ನು ಅಳಿಸುವ ಕೆಲಸವೂ ನಾಲಿಗೆಯಿಂದಲೇ ಆರಂಭವಾಗಬೇಕು.

ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣದೋಷವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ವರದಿಯಲ್ಲಿ ಅಂದಾಜಿಸಿದೆ. ತಡೆಯಲು ಸಾಧ್ಯವಿರುವ ಡಿಮೆನ್ಶಿಯಾದ ಕಾರಣಗಳನ್ನು ಪರಿಶೀಲಿಸಿದ ತಜ್ಞರ ಲ್ಯಾನ್ಸೆಟ್ ಆಯೋಗವು 2024ರಲ್ಲಿ 14 ಅಂಶಗಳನ್ನು ಪಟ್ಟಿ ಮಾಡಿತು. ಶ್ರವಣದೋಷ, ಒಂಟಿತನ ಇವೆರಡೂ ಆ ಪಟ್ಟಿಯಲ್ಲಿವೆ. ಹೀಗಿರುವಾಗ ಇದು ಯಾರೋ ಒಬ್ಬಿಬ್ಬರ ಕೊರತೆಯಲ್ಲ. ನಮ್ಮ ಬೀದಿಯ, ನಮ್ಮ ಜಮಾಅತಿನ ವಿಷಯ.

ನಾವೇನು ಮಾಡಬಹುದು?

ಮೊದಲು ಕಿವಿಯನ್ನು ವೈದ್ಯರಿಗೆ ತೋರಿಸಿರಿ. ಕೆಲವೊಮ್ಮೆ ಗಟ್ಟಿಯಾದ ಗುಗ್ಗೆಯೇ ಕಾರಣವಾಗಿರುತ್ತದೆ. ಅದನ್ನು ತೆಗೆಸಿದರೆ ಸಾಕು. ಒಂದೆರಡು ದಿನಗಳಲ್ಲಿ ಹಠಾತ್ತಾಗಿ ಕಿವಿ ಮುಚ್ಚಿದಂತಾದರೆ ತಡಮಾಡಬಾರದು, ಅದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಉಳಿದಂತೆ ಶ್ರವಣ ಪರೀಕ್ಷೆ ಮಾಡಿಸಿರಿ. ಅದರಲ್ಲಿ ನೋವಿಲ್ಲ. ನಮ್ಮ ರಾಜ್ಯದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. 60 ದಾಟಿದ ಬಡವರಿಗೆ ಶ್ರವಣಯಂತ್ರ ಮುಂತಾದ ಸಾಧನಗಳನ್ನು ಉಚಿತವಾಗಿ ಒದಗಿಸಲು ಕೇಂದ್ರ ಸರಕಾರ 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಆರಂಭಿಸಿತು. ನೆರೆಯ ಬಡ ವೃದ್ಧರ ಪರವಾಗಿ ಅರ್ಜಿ ತುಂಬಿಕೊಡುವುದು ಯುವಕರಿಗೆ ಒಂದು ಉತ್ತಮ ಸೇವೆ.

ಮರೆವಿನ ತಪಾಸಣೆಗೆ ಕರೆದೊಯ್ಯುವ ಮುನ್ನವೂ ಕಿವಿ ಪರೀಕ್ಷಿಸಿರಿ. ವೈದ್ಯರ ಪ್ರಶ್ನೆಯೇ ಕೇಳಿಸದೆ ತಪ್ಪು ಉತ್ತರ ಕೊಟ್ಟವರನ್ನು ಬುದ್ಧಿ ಮಂಕಾದವರೆಂದು ತಿಳಿದುಬಿಡುವ ಅಪಾಯವಿದೆ.

ಯಂತ್ರ ಹಾಕಿದ ಮೊದಲ ದಿನವೇ ಎಲ್ಲವೂ ಸರಿಯಾಗುವುದಿಲ್ಲ. ವರ್ಷಗಳಿಂದ ಮರೆತ ಸದ್ದುಗಳೆಲ್ಲ ಒಮ್ಮೆಲೇ ನುಗ್ಗಿ ಬರುತ್ತವೆ. ಫ್ಯಾನಿನ ಸದ್ದು, ಪಾತ್ರೆಗಳ ಸದ್ದು, ತಮ್ಮದೇ ಚಪ್ಪಲಿಯ ಸದ್ದು. ಮೆದುಳು ಒಗ್ಗಿಕೊಳ್ಳಲು ವಾರಗಳೇ ಬೇಕಾಗಬಹುದು. ‘ದುಡ್ಡು ಕೊಟ್ಟು ತಂದದ್ದು ಕಪಾಟಿನಲ್ಲಿದೆ’ ಎಂದು ಗೊಣಗುವ ಬದಲು, ದಿನಕ್ಕೆ ಸ್ವಲ್ಪ ಹೊತ್ತು ಧರಿಸಲು ಜೊತೆಗೂಡಿರಿ. ತಜ್ಞರ ಬಳಿಗೆ ಮತ್ತೆ ಕರೆದೊಯ್ದು ಅಳತೆ ಸರಿಪಡಿಸಿರಿ.

ಯಂತ್ರವಿರಲಿ, ಇಲ್ಲದಿರಲಿ, ಮಾತನಾಡುವ ರೀತಿಯನ್ನು ತಿದ್ದಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅಡುಗೆಮನೆಯಿಂದ ಕೂಗಬೇಡಿ. ಹತ್ತಿರ ಹೋಗಿ, ಬೆಳಕಿನಲ್ಲಿ, ಮುಖಕ್ಕೆ ಮುಖ ಕೊಟ್ಟು ಮಾತನಾಡಿರಿ. ಟಿ.ವಿ.ಯನ್ನು ಆರಿಸಿರಿ. ಕಿರುಚುವುದರಿಂದ ಮಾತು ಇನ್ನಷ್ಟು ಕೆಡುತ್ತದೆ, ನಿಧಾನವಾಗಿ ಬಿಡಿಬಿಡಿಯಾಗಿ ಹೇಳಿರಿ. ತಿಳಿಯದಿದ್ದರೆ ಅದೇ ಪದವನ್ನು ಹತ್ತು ಸಲ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿರಿ. ಎಲ್ಲರೂ ನಕ್ಕಾಗ ಏಕೆ ನಕ್ಕೆವೆಂದು ಅಜ್ಜನಿಗೆ ತಿಳಿಸುವ ಕೆಲಸವನ್ನು ಮನೆಯ ಮಗುವೊಂದಕ್ಕೆ ವಹಿಸಿರಿ. ಮಗುವಿಗೆ ಅದು ಶಿಷ್ಟಾಚಾರದ ಮೊದಲ ಪಾಠವಾಗುತ್ತದೆ. ಮಸೀದಿಯಲ್ಲಿ ಇಂತಹ ಹಿರಿಯರಿಗೆ ಖುತ್ಬಾ ಕೇಳಿಸುವಲ್ಲಿ ಜಾಗ ಬಿಟ್ಟುಕೊಡಿರಿ. ಸಹಾಬಿಗಳು ತೋರಿಸಿಕೊಟ್ಟ ಮಾದರಿಯಿದು.

ಹಿರಿಯರಲ್ಲೂ ಒಂದು ವಿನಂತಿ. ಕೇಳಿಸದಿದ್ದಾಗ ‘ನನಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು’ ಎನ್ನುವುದು ಸತ್ಯದ ಮಾತು. ಅದರಲ್ಲಿ ಅವಮಾನವೇನೂ ಇಲ್ಲ. ನೀವು ಹೇಳದಿದ್ದರೆ ಮಕ್ಕಳಿಗೆ ತಿಳಿಯುವುದಾದರೂ ಹೇಗೆ? ಅವರು ನಿಮ್ಮ ಸೇವೆ ಮಾಡಿ ಪುಣ್ಯ ಗಳಿಸುವ ಬಾಗಿಲನ್ನು ನಿಮ್ಮ ‘ಹೂಂ’ನಿಂದ ಮುಚ್ಚಬೇಡಿ.

ಎಲ್ಲವನ್ನೂ ಅರಿತ ಬಳಿಕ ಏನನ್ನೂ ಅರಿಯದಂತಾಗುವ ವೃದ್ಧಾಪ್ಯದ ಬಗ್ಗೆ ಕುರ್‌ಆನ್ (16:70) ಹೇಳಿದೆ. ಅಂತಹ ಮುಪ್ಪಿನಿಂದ ಪ್ರವಾದಿವರ್ಯರು(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಆ ಪ್ರಾರ್ಥನೆಯನ್ನು ನಾವೂ ಮಾಡೋಣ. ಜೊತೆಗೆ ನಮ್ಮ ಪಾಲಿನ ಕೆಲಸವನ್ನೂ ಮಾಡೋಣ. ನಾವು ಮಾತು ಬಾರದ ಶಿಶುಗಳಾಗಿದ್ದಾಗ ನಮ್ಮ ತೊದಲನ್ನು ನೂರು ಸಲ ಕೇಳಿ, ಊಹಿಸಿ, ಅರ್ಥ ಮಾಡಿಕೊಂಡವರು ಅವರು. ಒಂದೇ ಪದವನ್ನು ಬೇಸರವಿಲ್ಲದೆ ನಮಗೆ ನೂರು ಸಲ ಹೇಳಿಕೊಟ್ಟವರು ಅವರು. ಇಂದು ಅವರು ಕೇಳುತ್ತಿರುವುದು ಮೂರನೆಯ ಸಲ ಮಾತ್ರ. ‘ಏನಿಲ್ಲ ಬಿಡಿ’ ಎನ್ನದೆ, ಹತ್ತಿರ ಸರಿದು ಕುಳಿತು, ಇನ್ನೊಮ್ಮೆ ಹೇಳೋಣ.